ಹಲಸಿನ ಉದ್ಯಮಕ್ಕೆ ಹೂಡಿಕೆ: ಸಹಿ ಹಾಕುವ ಮುನ್ನ

ಹಲಸಿನ ಚಿಪ್ಸ್ ಮತ್ತು ಒಣ ತೊಳೆ ತಯಾರಿಸುವ ನಿಮ್ಮ ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಫಂಡೊಂದು 1 ಕೋಟಿ ರೂಪಾಯಿ ಕೊಟ್ಟು ಶೇ. 20ರಷ್ಟು ಪಾಲು ಕೇಳಿದೆ, ಒಪ್ಪಬಹುದೇ ಎಂದು ಬರೆದಿದ್ದೀರಿ. ಪಾಲು ಎಷ್ಟೆಂದು ಚೌಕಾಸಿ ಮಾಡುವ ಮೊದಲು, ಆ ಹಣ ಅವರಿಗೆ ಯಾವಾಗ, ಯಾವ ದಾರಿಯಲ್ಲಿ ಮರಳಬೇಕು ಎಂಬುದನ್ನು ವಿಚಾರಿಸಿ. ಫಂಡಿನವರು ಹೂಡುವುದು ಬೇರೆಯವರಿಂದ ಸಂಗ್ರಹಿಸಿದ ಹಣವನ್ನು. ಸಾಮಾನ್ಯವಾಗಿ ಎಂಟು-ಹತ್ತು ವರ್ಷಗಳಲ್ಲಿ ಅದನ್ನು ಹಿಂದಿರುಗಿಸಬೇಕು. ಅದರಲ್ಲಿ ಆರು ವರ್ಷ ಈಗಾಗಲೇ ಕಳೆದಿದ್ದರೆ, ನಿಮ್ಮ ಉದ್ಯಮ ನೆಲೆಯೂರುವ ಮೊದಲೇ ಅದನ್ನು ಮಾರುವ ಒತ್ತಡ ಬರುತ್ತದೆ.

ಹೂಡಿಕೆಯ ಮುಖ್ಯ ಷರತ್ತುಗಳನ್ನು ಬರೆದಿರುವ ಟರ್ಮ್ ಶೀಟ್‌ನಲ್ಲಿ ಲಿಕ್ವಿಡೇಷನ್ ಪ್ರಿಫರೆನ್ಸ್ (ಕಂಪನಿ ಮಾರಾಟವಾದಾಗ ಅಥವಾ ಮುಚ್ಚಿದಾಗ ಹೂಡಿಕೆದಾರರಿಗೆ ಮೊದಲು ಎಷ್ಟು ಸಲ್ಲಬೇಕೆಂಬ ಷರತ್ತು) ಎಂಬ ಭಾಗವನ್ನು ಎರಡು ಬಾರಿ ಓದಿ. ಮುಂದೆ ಕಂಪನಿ 3 ಕೋಟಿಗೆ ಮಾರಾಟವಾಯಿತೆನ್ನಿ. ಹೂಡಿದ ಮೊತ್ತ ಅಥವಾ ಪಾಲಿನ ಬೆಲೆ, ಇವೆರಡರಲ್ಲಿ ಹೆಚ್ಚಿನದು ಮಾತ್ರ ಎಂದಿದ್ದರೆ ಅವರಿಗೆ 1 ಕೋಟಿ ಸಲ್ಲುತ್ತದೆ. ಆದರೆ ಮೊದಲು ಹೂಡಿದ ಹಣವನ್ನು ಪಡೆದು, ಉಳಿದದ್ದರಲ್ಲಿ ಮತ್ತೆ ಪಾಲು ಪಡೆಯುವ ಷರತ್ತಿದ್ದರೆ ಅವರಿಗೆ 1.4 ಕೋಟಿ ಹೋಗುತ್ತದೆ. ಶೇ. 20 ಎಂಬ ಅಂಕಿ ಎರಡೂ ಕಡೆ ಒಂದೇ, ನಿಮ್ಮ ಕೈ ಸೇರುವ ಹಣದಲ್ಲಿ ಮಾತ್ರ 40 ಲಕ್ಷದ ವ್ಯತ್ಯಾಸ.

ಹಣ ಕಂತಿನಲ್ಲಿ ಬರುವುದಾದರೆ ದಿನಾಂಕಗಳನ್ನು ಹಲಸಿನ ಹಂಗಾಮಿಗೆ ಹೊಂದಿಸಿಕೊಳ್ಳಿ. ಮಾರ್ಚ್‌ನಲ್ಲಿ ಬರಬೇಕಾದ ಕಂತು ಜುಲೈಗೆ ಬಂದರೆ ಆ ವರ್ಷದ ಕಾಯಿ ಕೈತಪ್ಪಿದಂತೆಯೇ. ಒಂದು ತಪ್ಪನ್ನು ತಿದ್ದಿಕೊಳ್ಳಲು ಮುಂದಿನ ವರ್ಷದವರೆಗೆ ಕಾಯಬೇಕಾದ ಉದ್ಯಮವಿದು ಎಂದು ಅರಿಯದವರು ಪ್ರತಿ ತಿಂಗಳೂ ಬೆಳವಣಿಗೆಯ ಲೆಕ್ಕ ಕೇಳಿ ನಿಮ್ಮನ್ನು ಹೈರಾಣಾಗಿಸುತ್ತಾರೆ. ಈ ಫಂಡಿನವರು ಹಿಂದೆ ಹಣ ಹಾಕಿದ ಉದ್ಯಮಿಗಳೊಂದಿಗೆ, ಮುಖ್ಯವಾಗಿ ಕಂಪನಿ ಮುಚ್ಚಿದವರೊಂದಿಗೆ ಮಾತನಾಡಿ, ನಷ್ಟದ ವರ್ಷದಲ್ಲಿ ಫಂಡಿನವರ ನಡವಳಿಕೆ ಹೇಗಿತ್ತೆಂದು ಕೇಳಿ. ಕಾಯಿ ಖರೀದಿಯ ಹಣಕ್ಕಾಗಿಯೇ ಷೇರು ಕೊಡುವುದಂತೂ ಬೇಡ. ಅದಕ್ಕೆ ಬ್ಯಾಂಕಿನ ಸಿಸಿ (ಕ್ಯಾಶ್ ಕ್ರೆಡಿಟ್, ಅಂದರೆ ಮಿತಿಯೊಳಗೆ ಬೇಕಾದಾಗ ತೆಗೆದು ಮರಳಿಸಬಹುದಾದ) ಸಾಲ ಸಾಕು.

ಕಂಪನಿ ಕಾಯ್ದೆಯ ಪ್ರಕಾರ ವಿಶೇಷ ನಿರ್ಣಯಕ್ಕೆ (ಕಂಪನಿಯ ನಿಯಮಾವಳಿ ಬದಲಿಸುವಂಥ ಮಹತ್ವದ ತೀರ್ಮಾನಕ್ಕೆ) ಚಲಾಯಿತ ಮತಗಳಲ್ಲಿ ಮುಕ್ಕಾಲು ಪಾಲು ಬೇಕು. ಹಾಗಾಗಿ ಮುಂದಿನ ಸುತ್ತಿನ ಹೂಡಿಕೆಯಲ್ಲಿ ಫಂಡಿನವರ ಪಾಲು ಶೇ. 25 ದಾಟಿದರೆ ಅಂಥ ನಿರ್ಣಯಗಳನ್ನು ಅವರೊಬ್ಬರೇ ತಡೆಯಬಲ್ಲರು. ಇದಲ್ಲದೆ, ಅವರ ಒಪ್ಪಿಗೆ ಬೇಕಾದ ವಿಷಯಗಳ ಪಟ್ಟಿ ಒಪ್ಪಂದದಲ್ಲೇ ಇರುತ್ತದೆ. ಡ್ರೈಯರ್ ಖರೀದಿಗೂ ಅನುಮತಿ ಕೇಳಬೇಕೆಂದಿದ್ದರೆ ಅದನ್ನು ತೆಗೆಸಿ.

ರೈತ ಉತ್ಪಾದಕ ಕಂಪನಿಯ ಮೂಲಕ ಈ ಹೂಡಿಕೆ ಪಡೆಯಿರಿ ಎಂದು ಒಬ್ಬರು ಸೂಚಿಸಿದ್ದಾರೆ. ಅದು ಸಾಧ್ಯವಿಲ್ಲ, ಏಕೆಂದರೆ ಅದರಲ್ಲಿ ಉತ್ಪಾದಕರು ಮತ್ತು ಉತ್ಪಾದಕ ಸಂಸ್ಥೆಗಳು ಮಾತ್ರ ಸದಸ್ಯರಾಗಬಹುದು. ಆ ಕಂಪನಿ ನಿಮಗೆ ಕಾಯಿ ಪೂರೈಸಲಿ, ಹೂಡಿಕೆ ನಿಮ್ಮ ಕಂಪನಿಗೇ ಬರಲಿ.