ಆಫ್ರಿಕಾದ ಮಲಾವಿಯ ಹಳ್ಳಿ ಶಾಲೆಗೆ ನಾವು ಆರು ಜನ ಫ್ರೆಂಡ್ಸ್ ಸೇರಿ ಇಬ್ಬರು ಟೀಚರ್ ಇಡ್ಬೇಕು ಅಂತಿದ್ದೀವಿ: ಟ್ರಸ್ಟ್ ಮಾಡೋದಾ, ಸೆಕ್ಷನ್ 8 ಕಂಪನಿ (ಲಾಭಕ್ಕಲ್ಲದ ಕಂಪನಿ) ಮಾಡೋದಾ?

ಎರಡೂ ಬೇಡ. ಟೀಚರ್ ಇಡೋದಂತೂ ಬೇಡವೇ ಬೇಡ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಫ್ರೆಂಡ್ಸೆಲ್ಲ ಸೇರಿ ತಿಂಗಳಿಗಿಷ್ಟು ಅಂತ ಹಾಕೋದು, ಒಂದನೇ ಕ್ಲಾಸಿನ ನೂರು ಚಿಲ್ಲರೆ ಮಕ್ಕಳು ಮಾವಿನ ಮರದ ಕೆಳಗೆ ಕೂತಿರೋ ಫೋಟೋ ನೋಡಿ ಕರುಳು ಚುರುಕ್ ಅನ್ನೋದು, ಇಬ್ರು ಟೀಚರ್ ಇಟ್ಬಿಟ್ರೆ ಸರಿಹೋಗುತ್ತಲ್ಲ ಅನ್ನೋದು, ಇದೆಲ್ಲ ನಾನು 2010ರಲ್ಲಿ ಮಾಡಿದ್ದೇ. ಆಗ ನಾನು ಬ್ಲಾಂಟೈರ್ ಪಕ್ಕ ಲಿಂಬೆಯಲ್ಲಿ ಒಬ್ಬ ಗುಜರಾತಿ ಸೇಟು ಹಾರ್ಡ್‌ವೇರ್ ಅಂಗಡೀಲಿ ಲೆಕ್ಕ ಬರೀತಿದ್ದೆ. ನಮ್ಮ ಅಂಗಡಿ ಲೋಡಿಂಗ್ ಹುಡುಗನ ಊರಿಗೆ ಒಂದ್ಸಲ ಹೋಗಿದ್ದು, ಅಲ್ಲಿಂದ ಶುರುವಾಯ್ತು. ಜಿಲ್ಲೆ ಹೆಸರು ಬೇಡ, ಅಲ್ಲಿ ಶಿಕ್ಷಣ ಆಫೀಸಲ್ಲಿದ್ದೋರು ಪಾಪ ಒಳ್ಳೇವ್ರೇ.

ಮಲಾವಿಯಲ್ಲಿ 1994ರಲ್ಲಿ ಪ್ರೈಮರಿ ಫೀಸ್ ತೆಗೆದು ಹಾಕಿದ್ರು. ಹತ್ತೊಂಬತ್ತು ಲಕ್ಷದ ಹತ್ತಿರ ಇದ್ದ ಮಕ್ಕಳು ಒಂದೇ ಸಲಕ್ಕೆ ಮೂವತ್ತು ಲಕ್ಷದ ಹತ್ತಿರ ಹೋದ್ರು. ಮಕ್ಕಳು ಬಂದ್ರು, ಕೋಣೆನೂ ಟೀಚರೂ ಆ ಸ್ಪೀಡಲ್ಲಿ ಬರ್ಲಿಲ್ಲ. ಒಬ್ಬ ಟೀಚರ್‌ಗೆ ಅರವತ್ತು ಮಕ್ಕಳು ಅಂತ ಸರ್ಕಾರದ ಗುರಿ ಇದೆ. ನಾವು ಹೋದ ಶಾಲೆಯಲ್ಲಿ ಎಂಟು ಕ್ಲಾಸು, ಸುಮಾರು ಎಂಟುನೂರು ಮಕ್ಕಳು, ಆರು ಜನ ಟೀಚರ್. ಲೆಕ್ಕ ನೀವೇ ಹಾಕ್ಕೊಳ್ಳಿ.

ನಾವು ಲಿಂಬೆಯಲ್ಲಿದ್ದ ಒಂದಷ್ಟು ಜನ, ಕನ್ನಡದೋರು ಕಮ್ಮಿ, ತೆಲುಗಿನೋರು ಗುಜರಾತಿಗಳು ಜಾಸ್ತಿ, ದುಡ್ಡು ಕೂಡಿಸಿ ಅದೇ ಊರಲ್ಲಿ ಫಾರ್ಮ್ ಫೋರ್ ಪಾಸಾಗಿ ಸುಮ್ನೆ ಕೂತಿದ್ದ ನಾಲ್ಕು ಹುಡುಗ್ರನ್ನ ಪಾಠ ಮಾಡೋಕೆ ಹಾಕಿದ್ವಿ. ಫಾರ್ಮ್ ಫೋರ್ ಅಂದ್ರೆ ಹನ್ನೆರಡು ವರ್ಷದ ಓದು, ನಮ್ಮ ಪಿಯುಸಿ ಲೆಕ್ಕ. ನಮ್ಮೂರ ಅತಿಥಿ ಶಿಕ್ಷಕರ ತರ ಅಂತ ಇಟ್ಕೊಳ್ಳಿ, ಸಂಬಳ ಮಾತ್ರ ಸರ್ಕಾರದ್ದಲ್ಲ, ನಮ್ಮದು. ಹುಡುಗ್ರು ಚೆನ್ನಾಗೇ ಮಾಡಿದ್ರು. ಚಿಕ್ಕ ಮಕ್ಕಳಿಗೆ ಅಲ್ಲಿನ ಭಾಷೆ ಚಿಚೆವಾದಲ್ಲೇ ಹೇಳ್ಕೊಡೋದು, ಊರ ಹುಡುಗ್ರು ಬೇರೆ, ಮಕ್ಕಳು ಕುಣ್ಕೊಂಡು ಬರ್ತಿದ್ವು. ಮೊದಲನೇ ವರ್ಷ ನಮಗೆಲ್ಲ ಕಾಲು ನೆಲದ ಮೇಲೆ ಇರ್ಲಿಲ್ಲ.

ಈಗ ತಪ್ಪಿನ ವಿಷ್ಯ. ಇದನ್ನ ಬಿಡಿಸಿ ಹೇಳ್ತೀನಿ ಯಾಕಂದ್ರೆ ನೀವು ಮಾಡೋಕೆ ಹೊರಟಿರೋದು ಅದೇ.

ಪ್ರತಿ ವರ್ಷ ಶಾಲೆಯಿಂದ ಒಂದು ಫಾರಂ ತುಂಬಿ ಕಳಿಸ್ಬೇಕು, ಶಾಲಾ ಗಣತಿ. ಎಷ್ಟು ಮಕ್ಕಳು, ಎಷ್ಟು ಕೋಣೆ, ಎಷ್ಟು ಟಾಯ್ಲೆಟ್, ಟೀಚರ್ ಹೆಸರು, ಓದು. ನಮ್ಮ ಹೆಡ್ ಮಾಸ್ತರು ಆ ಟೀಚರ್ ಪಟ್ಟೀಲಿ ನಮ್ಮ ನಾಲ್ಕು ಹುಡುಗ್ರ ಹೆಸರನ್ನೂ ಸೇರಿಸಿ ಬರೆದ್ರು. ಮೋಸ ಅಲ್ಲ ಸ್ವಾಮಿ, ದಿನಾ ಬಂದು ಪಾಠ ಮಾಡ್ತಿದ್ದಾರಲ್ಲ, ಬರೀದೇ ಇನ್ನೇನು ಮಾಡ್ತಾರೆ. ಫಾರಂ ಜಿಲ್ಲಾ ಆಫೀಸಿಗೆ ಹೋಯ್ತು. ಟ್ರೈನಿಂಗ್ ಕಾಲೇಜಿಂದ ಹೊಸ ಬ್ಯಾಚ್ ಬಂದಾಗ ಆಫೀಸಲ್ಲಿ ಏನ್ಮಾಡ್ತಾರೆ, ಯಾವ ಶಾಲೆಗೆ ತುಂಬಾ ಕೊರತೆ ಅಂತ ನೋಡ್ತಾರೆ. ಆರು ಜನ ಅಂದಿದ್ರೆ ತಲೆಗೆ ನೂರ ಮೂವತ್ತರ ಮೇಲೆ ಬರ್ತಿತ್ತು. ಹತ್ತು ಜನ ಅಂದಾಗ ಎಂಬತ್ತಕ್ಕೆ ಇಳೀತು. ಆ ಜಿಲ್ಲೇಲಿ ಎಂಬತ್ತು ಅಂದ್ರೆ ಸುಖವಾಗಿರೋ ಶಾಲೆ. ಪಕ್ಕದ ಶಾಲೆಗೆ ಹೊಸಬರು ಬಂದ್ರು, ನಮಗೆ ಒಬ್ರೂ ಇಲ್ಲ. ಅಷ್ಟೇ ಅಲ್ಲ, ನಮ್ಮಲ್ಲಿದ್ದ ಸರ್ಕಾರಿ ಟೀಚರ್ ಇಬ್ರು ವರ್ಗ ಆಗಿ ಹೋದ್ರು, ಅವರ ಜಾಗಕ್ಕೆ ಯಾರನ್ನೂ ಕಳಿಸ್ಲಿಲ್ಲ, ಯಾಕೆ ಕಳಿಸ್ತಾರೆ, ಕಾಗದದ ಮೇಲೆ ಇನ್ನೂ ಎಂಟು ಜನ ಇದ್ದಾರಲ್ಲ. ನಾನು ದಿನವಿಡೀ ಲೆಡ್ಜರ್ ನೋಡೋ ಮನುಷ್ಯ, ನಮ್ಮ ದುಡ್ಡು ಆ ಫಾರಮ್ಮಿನ ಯಾವ ಕಾಲಮ್ಮಿಗೆ ಹೋಗಿ ಕೂರುತ್ತೆ ಅಂತ ಒಂದು ದಿನ ಕೇಳ್ಲಿಲ್ಲ. ಸರ್ಕಾರ ಕೊಡ್ಬೇಕಾಗಿದ್ದನ್ನ ನಾವು ಕೊಟ್ಟು, ಸರ್ಕಾರಕ್ಕೆ ಉಳಿಸಿದ್ವಿ.

ಆಮೇಲೆ 2012ರ ಮೇ ತಿಂಗಳು. ಡಾಲರಿಗೆ 167 ಇದ್ದ ಅಲ್ಲಿನ ದುಡ್ಡು ಕ್ವಾಚಾನ ಒಂದೇ ಏಟಿಗೆ 250ಕ್ಕೆ ಇಳಿಸಿದ್ರು, ವರ್ಷ ಮುಗಿಯೋದ್ರೊಳಗೆ 300 ದಾಟಿತ್ತು. ನಮ್ಮೆಲ್ಲರ ಸಂಬಳ ಕ್ವಾಚಾದಲ್ಲೇ. ಊರಿಗೆ ದುಡ್ಡು ಕಳಿಸೋರು ಮೊದಲು ನಿಲ್ಸಿದ್ದು ಚಾರಿಟಿ ದುಡ್ಡನ್ನ, ಅವರನ್ನ ಬೈಯೋಕಾಗಲ್ಲ, ನಾನೂ ಅರ್ಧ ಮಾಡಿದ್ದೆ. ಅತ್ಲಾಗೆ ಮೆಕ್ಕೆಜೋಳದ ಹಿಟ್ಟಿನ ರೇಟು ಏರ್ತಾ ಇದೆ, ಹುಡುಗ್ರು ಜಾಸ್ತಿ ಕೇಳ್ತಿದ್ದಾರೆ, ನಾವು ಹಳೇದನ್ನೇ ಕೊಡೋಕೆ ಒದ್ದಾಡ್ತಿದ್ದೀವಿ. ಹುಡುಗ್ರು ಒಬ್ಬೊಬ್ರಾಗಿ ಬಿಟ್ಟು ಹೋದ್ರು. ಕೊನೆಗೆ ಎಂಟುನೂರು ಮಕ್ಕಳಿಗೆ ನಾಲ್ಕು ಜನ ಟೀಚರ್ ಉಳಿದ್ರು, ನಾವು ಬರೋ ಮುಂಚೆ ಆರು ಜನ ಇದ್ದ ಶಾಲೇಲಿ! ಎಂಟನೇ ಕ್ಲಾಸಿನೋರಿಗೆ ಪಬ್ಲಿಕ್ ಪರೀಕ್ಷೆ ಬೇರೆ. ಆಫೀಸಿಗೆ ಓಡಿದ್ರೆ ಈ ವರ್ಷದ ಫಾರಂ ಮುಗೀತು, ಮುಂದಿನ ವರ್ಷ ಸರಿಯಾಗಿ ಬರೀರಿ ಅಂದ್ರು.

ಶಾಲಾ ಸಮಿತೀಲಿ ಒಬ್ಬ ಹೆಂಗಸಿದ್ರು, ಮಾತು ಕಮ್ಮಿ. ಅವತ್ತು ಮೀಟಿಂಗಲ್ಲಿ ಅವರು ಹೇಳಿದ್ದು, ನೀವು ಬರೋ ಮುಂಚೆ ನಾವು ಊರ ಹಿರಿಯರನ್ನ ಕರ್ಕೊಂಡು ಆಫೀಸಿಗೆ ಹೋಗಿ ಟೀಚರ್ ಕೊಡಿ ಅಂತ ಗಲಾಟೆ ಮಾಡ್ತಿದ್ವಿ, ನೀವು ಬಂದ್ಮೇಲೆ ಹೋಗೋದೇ ಬಿಟ್ವಿ ಅಂತ. ಬೈದಿದ್ರೆ ಚೆನ್ನಾಗಿತ್ತು.

ಹಾಗಾದ್ರೆ ಏನ್ಮಾಡ್ಬೇಕು ಅಂತೀರಾ? ಟೀಚರ್ ಮನೆ ಕಟ್ಟಿಸಿ. ಅಲ್ಲಿ ಟೀಚರ್ ಪೋಸ್ಟ್ ಆದ್ರೂ ಹಳ್ಳೀಲಿ ನಿಲ್ಲಲ್ಲ. ಬಾಡಿಗೆಗೆ ನೆಟ್ಟಗಿರೋ ಮನೆ ಇಲ್ಲ, ಮೇನ್ ರೋಡಿನ ಟ್ರೇಡಿಂಗ್ ಸೆಂಟರಲ್ಲಿ, ಅಂದ್ರೆ ಅಂಗಡಿ ಬೀದೀಲಿ, ರೂಮ್ ಮಾಡ್ಕೊಂಡು ಸೈಕಲ್ಲಲ್ಲಿ ಬರ್ತಾರೆ, ಮಳೆ ಹಿಡಿದ್ರೆ ದಾರಿ ಇಲ್ಲ, ತಿಂಗಳ ಕೊನೆಗೆ ಸಂಬಳ ತರೋಕೆ ಟೌನಿಗೆ ಹೋದ್ರೆ ಎರಡು ಮೂರು ದಿನ ನಾಪತ್ತೆ. ಹೆಣ್ಮಕ್ಕಳಾದ್ರೆ ಬರೋದೇ ಇಲ್ಲ. ಮನೆ ಇದೆ ಅಂದ್ರೆ ಆಫೀಸಿಗೂ ಕಳಿಸೋಕೆ ಧೈರ್ಯ. ನಾವು ಆಮೇಲೆ ಮಾಡಿದ್ದು ಇದನ್ನೇ, ಮೊದಲನೇ ಮನೆ ಮುಗಿದ ವರ್ಷವೇ ಗಂಡ ಹೆಂಡ್ತಿ ಇಬ್ರೂ ಟೀಚರ್ ಇರೋ ಒಂದು ಜೋಡಿ ಬಂತು, ಸರ್ಕಾರದ ಸಂಬಳದಲ್ಲಿ.

ಇಟ್ಟಿಗೆ, ಮರಳು, ನೀರು ಹೊರೋದು ಊರಿನೋರದ್ದು, ಅಲ್ಲಿ ಹಾಗೇ ವಾಡಿಕೆ. ನಿಮ್ಮದು ಸಿಮೆಂಟು, ಮರ, ಚಾವಣಿಗೆ ತಗಡಿನ ಶೀಟು, ಬಾಗಿಲು ಕಿಟಕಿ, ಮೇಸ್ತ್ರಿ ಕೂಲಿ. ದುಡ್ಡು ಉಳಿಸೋಕೆ ಅಂತ ತೆಳ್ಳನೆ ಶೀಟ್ ತಗೋಬೇಡಿ, ಅದು ನಾನು ಮಾರ್ತಿದ್ದ ಮಾಲು, ಅದಕ್ಕೇ ಹೇಳ್ತಿದ್ದೀನಿ: 28 ಗೇಜ್ ಹಾಕ್ಸಿ, 32 ಗೇಜ್ ಮೊದಲನೇ ಮಳೆಯ ಗಾಳಿಗೇ ಪಕ್ಕದ ಹೊಲದಲ್ಲಿರುತ್ತೆ. ಗೇಜ್ ನಂಬರ್ ಜಾಸ್ತಿ ಆದಷ್ಟೂ ಶೀಟ್ ತೆಳು, ಇದು ಗೊತ್ತಿಲ್ಲದೆ ತುಂಬಾ ಜನ ಟೋಪಿ ಹಾಕಿಸ್ಕೊಳ್ತಾರೆ. ಗೋಡೆ ಮೇಲಿನ ಮರಾನ ಕಬ್ಬಿಣದ ಪಟ್ಟಿಯಿಂದ ನಾಲ್ಕೈದು ವರಸೆ ಕೆಳಗಿನ ಇಟ್ಟಿಗೆಗೆ ಎಳೆದು ಕಟ್ಟಿಸ್ಬೇಕು, ಬರೀ ಮೊಳೆ ಹೊಡೆದ್ರೆ ಸಾಲ್ದು. ಇನ್ನೊಂದು, ಇಟ್ಟಿಗೆ ಸುಡೋಕೆ ಸೌದೆ ಬೇಕು, ಅಲ್ಲಿ ಗುಡ್ಡ ಎಲ್ಲ ಬೋಳಾಗಿರೋದಕ್ಕೆ ಅದೂ ಒಂದು ಕಾರಣ, ಮಣ್ಣಿಗೆ ಸ್ವಲ್ಪ ಸಿಮೆಂಟ್ ಹಾಕಿ ಒತ್ತಿದ ಬ್ಲಾಕ್ ಮಾಡೋ ಮಿಷನ್ ಸಿಕ್ಕಿದ್ರೆ ಅದು ವಾಸಿ. ಪಾಯ ತೋಡೋ ಮುಂಚೆ ಸಮಿತಿ, ಹೆಡ್ ಮಾಸ್ತರು, ಆ ವಲಯದ ಶಿಕ್ಷಣ ಅಧಿಕಾರಿ ಮೂರೂ ಜನರ ಸೈನ್ ಇರೋ ಕಾಗದ ಇರ್ಲಿ, ಸರ್ಕಾರ ಪೋಸ್ಟ್ ಮಾಡಿದ ಟೀಚರಿಗೆ ಮಾತ್ರ ಈ ಮನೆ ಅಂತ. ಇಲ್ದಿದ್ರೆ ಯಾರದೋ ಭಾಮೈದ ಬಂದು ಕೂರ್ತಾನೆ.

ನೀವು ಕೇಳಿದ ಟ್ರಸ್ಟ್ ವಿಷ್ಯ. ಇಂಡಿಯಾದಲ್ಲಿ ಟ್ರಸ್ಟ್ ಮಾಡಿ ದಾನ ಕೊಟ್ಟೋರಿಗೆ ಟ್ಯಾಕ್ಸ್ ಉಳಿಸೋ 80ಜಿ ತಗೊಂಡು ಮಲಾವೀಲಿ ಖರ್ಚು ಮಾಡ್ತೀವಿ ಅಂದ್ರೆ ತಲೆನೋವು, ಹೊರದೇಶದಲ್ಲಿ ಖರ್ಚಾದ ದುಡ್ಡಿಗೆ ಟ್ಯಾಕ್ಸ್ ವಿನಾಯಿತಿ ಬೇಕಾದ್ರೆ ಸಿಬಿಡಿಟಿ, ಅಂದ್ರೆ ಕೇಂದ್ರದ ನೇರ ತೆರಿಗೆ ಮಂಡಳಿಯ ಒಪ್ಪಿಗೆ ಬೇಕು, ಆರು ಜನಕ್ಕೆ ಆಗೋ ಕೆಲ್ಸ ಅಲ್ಲ. ಎಫ್‌ಸಿಆರ್‌ಎ ಬೇಕಾ ಅಂತನೂ ಕೇಳಿದ್ದೀರಿ, ಅದು ಹೊರಗಿನ ದುಡ್ಡು ಒಳಗೆ ತರೋಕೆ, ನಿಮ್ಮದು ಉಲ್ಟಾ. ಒಬ್ಬೊಬ್ರು ಅವರವರ ಅಕೌಂಟಿಂದ, ಹೊರದೇಶಕ್ಕೆ ದುಡ್ಡು ಕಳಿಸೋಕೆ ರಿಸರ್ವ್ ಬ್ಯಾಂಕ್ ಕೊಟ್ಟಿರೋ ಅವಕಾಶ ಎಲ್‌ಆರ್‌ಎಸ್‌ನಲ್ಲಿ ಡೊನೇಷನ್ ಅಂತ ಕಳಿಸ್ಬಹುದು, ವರ್ಷಕ್ಕೆ ತಲೆಗೆ ಎರಡೂವರೆ ಲಕ್ಷ ಡಾಲರ್ ಮಿತಿ, ನೀವು ಅದರ ಹತ್ರಕ್ಕೂ ಹೋಗಲ್ಲ. ಟ್ಯಾಕ್ಸ್ ಉಳಿಯಲ್ಲ, ಉಳೀದೇ ಇದ್ರೆ ಕೊಡಲ್ಲ ಅನ್ನೋ ಫ್ರೆಂಡನ್ನ ಈಗ್ಲೇ ಬಿಡಿ. ಅಲ್ಲಿ ಆಗ್ಲೇ ರಿಜಿಸ್ಟರ್ ಆಗಿರೋ ಒಂದು ಚಿಕ್ಕ ಸಂಸ್ಥೆ ಹಿಡೀರಿ, ನಿಮ್ಮದೇ ಹೆಸರಿನ ಬೋರ್ಡ್ ಯಾಕೆ ಬೇಕು?

ಹಳೇ ಇಂಗ್ಲಿಷ್ ಪುಸ್ತಕ ಕಂಟೇನರಲ್ಲಿ ಕಳಿಸೋ ಪ್ಲಾನ್ ಕೂಡ ಕೈಬಿಡಿ. ಕೀನ್ಯಾದ ಹಳ್ಳಿ ಶಾಲೆಗಳಲ್ಲಿ ಪಠ್ಯಪುಸ್ತಕ ಹಂಚಿ ನೋಡಿದ್ರು, 2019ರಲ್ಲಿ ನೊಬೆಲ್ ಬಂದ ಮೂವರಲ್ಲಿ ಒಬ್ರಾದ ಮೈಕೆಲ್ ಕ್ರೆಮರ್ ಮತ್ತೆ ಅವರ ಜೊತೆಯೋರು. ಮೊದಲೇ ಚೆನ್ನಾಗಿ ಓದ್ತಿದ್ದ ಮಕ್ಕಳಿಗೆ ಮಾತ್ರ ಉಪಯೋಗ ಆಯ್ತು, ಮಿಕ್ಕವರಿಗೆ ಆ ಇಂಗ್ಲಿಷೇ ಓದೋಕೆ ಬರ್ತಿರ್ಲಿಲ್ಲ. ಶಾಲೆಯಲ್ಲಿ ಗಂಜಿ ಕೊಡ್ಬೇಕು ಅಂತ ಮನಸ್ಸಿದ್ರೆ ಅದೇ ಕೆಲ್ಸ ಮಾಡೋ ಸಂಸ್ಥೆ ಮೇರೀಸ್ ಮೀಲ್ಸ್‌ಗೆ ಕೊಡಿ, 2002ರಲ್ಲಿ ಮಲಾವಿಯಲ್ಲೇ 200 ಮಕ್ಕಳಿಂದ ಶುರು ಮಾಡಿದವರು, ಮೆಕ್ಕೆಜೋಳ ಸೋಯಾ ಹಿಟ್ಟಿನ ಗಂಜೀನ ಊರ ತಾಯಂದಿರೇ ಬೇಯಿಸ್ತಾರೆ. ನೀವು ಹೊಸದಾಗಿ ಒಲೆ ಹಚ್ಚೋದೇನಿಲ್ಲ.

ಮನೆ ಕಟ್ಟಿಸ್ತೀರಾದ್ರೆ ಏಪ್ರಿಲ್ ಮೇ ಒಳಗೆ ಊರಿನೋರ ಜೊತೆ ಮಾತು ಮುಗಿಸಿ. ಕಟಾವು ಆದ್ಮೇಲೆ ಇಟ್ಟಿಗೆ ಕೊಯ್ಯೋದು, ನವೆಂಬರ್ ಮಳೆ ಬರೋದ್ರೊಳಗೆ ಶೀಟ್ ಹಾಕಿ ಆಗ್ಬೇಕು. ಡಿಸೆಂಬರಲ್ಲಿ ದುಡ್ಡು ಕಳಿಸಿದ್ರೆ ಎಲ್ಲರೂ ಹೊಲದಲ್ಲಿ, ಮನೇಲಿ ಹಳೇ ಮೆಕ್ಕೆಜೋಳ ಮುಗೀತಾ ಬಂದಿರುತ್ತೆ, ಯಾರೂ ನಿಮ್ಮ ಇಟ್ಟಿಗೆ ಮುಟ್ಟಲ್ಲ, ಸಿಮೆಂಟ್ ಹೆಡ್ ಮಾಸ್ತರ ರೂಮಲ್ಲಿ ಕಲ್ಲಾಗುತ್ತೆ.