ಟಮ್ಮಿ ಟಕ್ ಮಾಡಿಸಿಕೊಳ್ಳಲಾ, ಬೇಡವಾ?

ಪ್ರಶ್ನೆ: ಡಾಕ್ಟ್ರೇ, ನನಗೆ 37 ವರ್ಷ. ಎರಡೂ ಹೆರಿಗೆ ಸಿಸೇರಿಯನ್. ಚಿಕ್ಕವಳಿಗೆ ಈಗ ನಾಲ್ಕು ವರ್ಷ. ವಾಕಿಂಗ್, ಊಟದ ಪಥ್ಯ ಎಲ್ಲಾ ಮಾಡಿ 78 ಕೆಜಿಯಿಂದ 64ಕ್ಕೆ ಇಳಿದಿದ್ದೇನೆ. ಆದರೆ ಕೆಳಹೊಟ್ಟೆಯ ಚರ್ಮ ಜೋತು ಬಿದ್ದಿದೆ, ಬೇಸಿಗೆಯಲ್ಲಿ ಆ ಮಡಿಕೆಯೊಳಗೆ ಬೆವರಿ ಕೆಂಪಾಗಿ ಉರಿಯುತ್ತದೆ. ಮೊನ್ನೆ ಮದುವೆ ಮನೆಯಲ್ಲಿ ಒಬ್ಬರು "ಮತ್ತೆ ವಿಶೇಷನಾ?" ಅಂತ ಕೇಳಿಬಿಟ್ಟರು. ಟಮ್ಮಿ ಟಕ್, ಅಂದರೆ ಜೋತ ಚರ್ಮ ತೆಗೆದು ಹೊಟ್ಟೆ ಬಿಗಿ ಮಾಡುವ ಆಪರೇಷನ್, ಮಾಡಿಸೋಣ ಅಂದರೆ ನಮ್ಮ ಯಜಮಾನರು "ಸುಮ್ನೆ ಯಾಕೆ ಹೊಟ್ಟೆ ಕುಯ್ಯಿಸಿಕೊಳ್ತೀಯ" ಅಂತಾರೆ. ಏನು ಮಾಡಲಿ?
– ಓದುಗರು, ದಾವಣಗೆರೆ

ಉತ್ತರ: ಹದಿನಾಲ್ಕು ಕೆಜಿ ಇಳಿಸಿದ್ದೀರಿ, ಮೊದಲು ಅದಕ್ಕೆ ಶಭಾಷ್. ನಿಮ್ಮ ಪತ್ರದಲ್ಲಿ ಎರಡು ಕಾರಣಗಳಿವೆ. ಒಂದು, ಚರ್ಮದ ಉರಿ. ಇನ್ನೊಂದು, ಮದುವೆ ಮನೆಯ ಮಾತು. ಎರಡನೆಯದಕ್ಕೋಸ್ಕರ ಮಾತ್ರ ಕೇಳಿದ್ದರೆ ನಾನು ಬೇಡವೆಂದೇ ಹೇಳುತ್ತಿದ್ದೆ. ಉರಿ ನಿಮ್ಮ ದೇಹದ ಕಷ್ಟ, ಅದಕ್ಕೆ ಪರಿಹಾರ ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಹೊಟ್ಟೆ ಮುಂದೆ ಬರುವುದಕ್ಕೆ ಮೂರು ಬೇರೆ ಬೇರೆ ಕಾರಣಗಳಿರುತ್ತವೆ. ಚರ್ಮ ಸಡಿಲವಾಗಿರಬಹುದು, ಬಸಿರಿನಲ್ಲಿ ನಡುವಿನ ಸ್ನಾಯುಗಳು ಅಗಲವಾಗಿ ಹಾಗೇ ಉಳಿದಿರಬಹುದು, ಇಲ್ಲವೇ ಕರುಳಿನ ಸುತ್ತ ಕೊಬ್ಬು ತುಂಬಿರಬಹುದು. ಟಮ್ಮಿ ಟಕ್ ಸರಿಮಾಡುವುದು ಮೊದಲಿನ ಎರಡನ್ನು ಮಾತ್ರ. ಮನೆಯಲ್ಲೇ ಒಮ್ಮೆ ನೋಡಿ: ಅಂಗಾತ ಮಲಗಿ, ಮಂಡಿ ಮಡಚಿ, ತಲೆಯನ್ನು ಸ್ವಲ್ಪ ಎತ್ತಿ ಹೊಕ್ಕುಳಿನ ಮೇಲೆ ಬೆರಳಿಡಿ. ನಡುವೆ ಎರಡು ಬೆರಳಿಗಿಂತ ಜಾಸ್ತಿ ಜಾಗ ಸಿಕ್ಕರೆ ಸ್ನಾಯು ಬಿಟ್ಟಿರಬಹುದು. ಅದಕ್ಕೆ ಮೊದಲು ಫಿಸಿಯೋಥೆರಪಿ ಮಾಡಿ ನೋಡಬೇಕು, ಎಷ್ಟೋ ಜನರಿಗೆ ಅಷ್ಟರಲ್ಲೇ ಚೆನ್ನಾಗಿ ಗುಣ ಸಿಗುತ್ತದೆ. ಬಾಣಂತನದಲ್ಲಿ ಸರಿಯಾಗಿ ಹೊಟ್ಟೆ ಕಟ್ಟಲಿಲ್ಲ, ಅದಕ್ಕೇ ಹೀಗಾಯಿತು ಎಂದು ಯಾರಾದರೂ ಅಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಜೋತು ಬಿದ್ದ ಚರ್ಮ ಮಾತ್ರ ಎಷ್ಟು ವ್ಯಾಯಾಮ ಮಾಡಿದರೂ ಪೂರ್ತಿ ಒಳಗೆ ಹೋಗುವುದಿಲ್ಲ, ಅದು ನಿಮ್ಮ ಸೋಮಾರಿತನ ಅಲ್ಲ.

ಈಗ ಆಪರೇಷನ್ ವಿಷಯ. ಪೂರ್ತಿ ಅರಿವಳಿಕೆ ಕೊಟ್ಟು, ಎರಡರಿಂದ ನಾಲ್ಕು ಗಂಟೆ ಮಾಡುವ ದೊಡ್ಡ ಶಸ್ತ್ರಚಿಕಿತ್ಸೆ ಇದು. ಸೊಂಟದ ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ಗಾಯದ ಗುರುತು ಬೀಳುತ್ತದೆ. ಸಿಸೇರಿಯನ್ ಗುರುತು ಸಾಮಾನ್ಯವಾಗಿ ತೆಗೆದ ಚರ್ಮದ ಜೊತೆಗೇ ಹೋಗುತ್ತದೆ, ಆದರೆ ಅದಕ್ಕಿಂತ ಉದ್ದದ್ದು ಬರುತ್ತದೆ. ಕೆಳಹೊಟ್ಟೆ ತಿಂಗಳುಗಟ್ಟಲೆ ಜೋಮು ಹಿಡಿದಂತಿರಬಹುದು. ಚರ್ಮದ ಕೆಳಗೆ ನೀರು ಸೇರಿಕೊಳ್ಳುವುದು, ಸೋಂಕು, ಹೊಲಿಗೆ ನಿಧಾನವಾಗಿ ಕೂಡುವುದು ಇವೆಲ್ಲ ಆಗಬಹುದು. ಅಪರೂಪಕ್ಕೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುತ್ತದೆ, ಅದು ಪ್ರಾಣಕ್ಕೇ ಕುತ್ತು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಲು ಹೋದ 21 ವರ್ಷದ ಕಿರುತೆರೆ ನಟಿ ತೀರಿಕೊಂಡರು. ಅದು ಬೇರೆ ಬಗೆಯ ಚಿಕಿತ್ಸೆ, ಆದರೂ ಯಾವುದನ್ನೂ ಬ್ಯೂಟಿ ಪಾರ್ಲರ್ ಕೆಲಸದಂತೆ ನೋಡಬೇಡಿ ಎಂದು ಹೇಳಲು ನೆನಪಿಸುತ್ತಿದ್ದೇನೆ. ಎಂಸಿಎಚ್ ಅಥವಾ ಡಿಎನ್‌ಬಿ ಪ್ಲಾಸ್ಟಿಕ್ ಸರ್ಜರಿ ಓದಿದ ಸರ್ಜನ್, ಅರಿವಳಿಕೆ ತಜ್ಞರು, ಐಸಿಯು ಇರುವ ಆಸ್ಪತ್ರೆ, ಈ ಮೂರೂ ಇಲ್ಲದ ಕಡೆ ಆಫರ್ ಎಷ್ಟೇ ಕಡಿಮೆ ಇದ್ದರೂ ಕಾಲಿಡಬೇಡಿ.

ಮನೆಗೆ ಬಂದ ಮೇಲಿನದ್ದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ಮೊದಲ ಕೆಲವು ದಿನ ಬಾಗಿಕೊಂಡೇ ನಡೆಯಬೇಕು, ನೀರು ಹೋಗಲು ಟ್ಯೂಬ್ ಇರಬಹುದು, ವಾರಗಟ್ಟಲೆ ಬಿಗಿ ಬೆಲ್ಟ್ ಹಾಕಬೇಕು. ಸುಮಾರು ಆರು ವಾರ ನೀರಿನ ಬಿಂದಿಗೆ, ಗ್ಯಾಸ್ ಸಿಲಿಂಡರ್, ನಿಮ್ಮ ಮಗಳು, ಯಾವುದನ್ನೂ ಎತ್ತುವ ಹಾಗಿಲ್ಲ. ಆ ದಿನಗಳಲ್ಲಿ ಅಡುಗೆ ಯಾರದ್ದು, ಮಕ್ಕಳ ಸ್ಕೂಲ್ ಯಾರದ್ದು? ಯಜಮಾನರ ಜೊತೆ ಕೂತು ಇದನ್ನು ಮಾತಾಡಿ. ಅವರ ಭಯವೂ ಸುಳ್ಳಲ್ಲ, ಡಾಕ್ಟರ ಹತ್ತಿರ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ. ಅಂದಕ್ಕಾಗಿ ಮಾಡಿಸುವ ಆಪರೇಷನ್‌ಗೆ ವಿಮೆ ಸಾಮಾನ್ಯವಾಗಿ ಸಿಗುವುದಿಲ್ಲ. ಹೊಕ್ಕುಳ ಹತ್ತಿರ ಹರ್ನಿಯಾ ಇದ್ದರೆ ಅದರ ಖರ್ಚಿನ ಬಗ್ಗೆ ಮಾತ್ರ ಕೇಳಿ ನೋಡಬಹುದು.

ತೂಕ ಆರು ತಿಂಗಳಿಂದ ಏರಿಳಿಯದೆ ನಿಂತಿದೆಯಾ, ಇನ್ನು ಮಗು ಬೇಡವೆಂದು ತೀರ್ಮಾನವಾಗಿದೆಯಾ, ಸಕ್ಕರೆ ಕಾಯಿಲೆ ಇದ್ದರೆ ಅದು ಹತೋಟಿಯಲ್ಲಿದೆಯಾ? ಇವಕ್ಕೆಲ್ಲ ಹೌದಾದರೆ ನೀವು ಈ ಆಪರೇಷನ್‌ಗೆ ತಕ್ಕವರೇ ಅನಿಸುತ್ತದೆ. ಇಬ್ಬರು ಸರ್ಜನ್‌ಗಳಿಗೆ ತೋರಿಸಿ. ಅಲ್ಲಿಯವರೆಗೆ ಮಡಿಕೆಯನ್ನು ಒಣಗಿಸಿಟ್ಟುಕೊಳ್ಳಿ, ಉರಿಗೆ ಚರ್ಮದ ಡಾಕ್ಟರ ಹತ್ತಿರ ಮುಲಾಮು ಬರೆಸಿಕೊಳ್ಳಿ.

ಪ್ರಶ್ನೆ: ನನಗೆ 28. ಮಗುವಿಗೆ ಎಂಟು ತಿಂಗಳು, ಇನ್ನೂ ಹಾಲು ಕುಡಿಸುತ್ತಿದ್ದೇನೆ. ಇನ್ನೊಂದು ಮಗು ಬೇಕು. ಈಗಲೇ ಮಾಡಿಸಬಹುದಾ?
– ಓದುಗರು, ಹಾಸನ

ಉತ್ತರ: ಈಗ ಬೇಡಮ್ಮ. ಮತ್ತೆ ಬಸುರಾದರೆ ಬಿಗಿ ಮಾಡಿದ್ದೆಲ್ಲ ಮತ್ತೆ ಹಿಗ್ಗುತ್ತದೆ. ಎರಡನೆಯದಾಗಿ, ಹಾಲು ಬಿಡಿಸಿದ ಮೇಲೂ ದೇಹ ತನ್ನಷ್ಟಕ್ಕೆ ಬದಲಾಗುತ್ತಿರುತ್ತದೆ, ಅದಕ್ಕೆ ಸಮಯ ಕೊಡಿ.

ಪ್ರಶ್ನೆ: 46 ವರ್ಷದ ಗಂಡಸು, ಕೂತು ಮಾಡುವ ಕೆಲಸ. ಹೊಟ್ಟೆ ಮಡಕೆಯ ಹಾಗೆ ಗಟ್ಟಿಯಾಗಿದೆ, ಚಿವುಟಿದರೆ ಕೈಗೆ ಸಿಗುವುದಿಲ್ಲ. ಟಮ್ಮಿ ಟಕ್ ಆಗುತ್ತದಾ?
– ಓದುಗರು, ಹುಬ್ಬಳ್ಳಿ

ಉತ್ತರ: ಇಲ್ಲ. ಚಿವುಟಿದರೆ ಸಿಗದ ಕೊಬ್ಬು ಸ್ನಾಯುವಿನ ಒಳಗಡೆ, ಕರುಳಿನ ಸುತ್ತ ಇರುತ್ತದೆ, ಅಲ್ಲಿಗೆ ಈ ಆಪರೇಷನ್ ತಲುಪುವುದಿಲ್ಲ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ತರುವ ಕೊಬ್ಬೂ ಅದೇ. ಗಂಡಸರಲ್ಲಿ ಸೊಂಟದ ಸುತ್ತಳತೆ 90 ಸೆಂಟಿಮೀಟರ್ ದಾಟಿದರೆ ಎಚ್ಚರ ಬೇಕು. ಟೇಪ್ ಹಿಡಿದು ಅಳೆದು ನೋಡಿ, ಈ ವಾರವೇ ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿ.