ಪ್ರತಿಕ್ರಿಯೆ: ಎಲ್ಲರಿಗೂ ಕೆಲಸ ಗೊತ್ತು, ಆದರೂ ಎಮರ್ಜೆನ್ಸಿಯಲ್ಲಿ ಗೊಂದಲ

ತರಬೇತಿ ಆಗಿದ್ದರೂ ಹಾವು ಕಚ್ಚಿದವರು ಬಂದರೆ ನಿಮ್ಮ ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ (ತುರ್ತು ವಿಭಾಗ) ಬರೀ ಕೂಗಾಟ ಅಂದಿದ್ದೀರಿ. ಕೆಲಸ ಹಂಚಿಕೆ ಆಗದಿರುವುದೇ ಕಾರಣ ಇರಬೇಕು. "ಯಾರಾದ್ರೂ ಅಡ್ರಿನಲಿನ್ ತನ್ನಿ" (ತೀವ್ರ ಅಲರ್ಜಿಗೆ ಕೊಡುವ ತುರ್ತು ಔಷಧಿ) ಅಂದರೆ ಇಬ್ಬರು ಓಡುತ್ತಾರೆ, ಇಲ್ಲಾ ಯಾರೂ ಓಡುವುದಿಲ್ಲ.

ಮೊದಲು, ಪಾಳಿ ಶುರುವಾಗುವಾಗಲೇ ಹೆಸರು ಹಿಡಿದು ಹಂಚಿ: ಲೀಡರ್, ಉಸಿರಾಟ ನೋಡುವವರು, ಔಷಧಿ ಕೊಡುವವರು, ಸಮಯ ಬರೆಯುವವರು. ಲೀಡರ್ ರೋಗಿಯ ಕಾಲ ಬಳಿ ನಿಂತು ನೋಡಲಿ. ಕ್ಯಾನುಲಾ (ಡ್ರಿಪ್ ಕೊಡುವ ನಳಿಕೆ) ಹಾಕಲು ಬಗ್ಗಿದರೆ ಉಳಿದದ್ದು ಕಾಣುವುದಿಲ್ಲ.

ಆಮೇಲೆ ಡ್ರಿಲ್, ಅಂದರೆ ಅಣಕು ಅಭ್ಯಾಸ. ದುಬಾರಿ ಮ್ಯಾನಿಕಿನ್ (ತರಬೇತಿ ಗೊಂಬೆ) ಬೇಡ, ಸಿಬ್ಬಂದಿ ಒಬ್ಬರು ಮಲಗಿದರೆ ಸಾಕು. ಅವರಿಗೆ ಚುಚ್ಚಬೇಡಿ, ಎದೆ ಒತ್ತಬೇಡಿ. ಒತ್ತುವುದಕ್ಕೆ ದಿಂಬು ಇಡಿ. ನಿಮ್ಮದೇ ಔಷಧಿ ಟ್ರಾಲಿ ಬಳಸಿ. ಔಷಧಿ ಬೀಗದೊಳಗಿದೆ ಅಂತ ಗೊತ್ತಾಗುವುದೇ ಆಗ! ಅಡಿಕೆ ತೋಟದಲ್ಲಿ ಹಾವು ಕಚ್ಚಿದೆ, ಆಂಟಿವೆನಮ್ (ಹಾವಿನ ವಿಷಕ್ಕೆ ಕೊಡುವ ಮದ್ದು) ಶುರುವಾದ ಮೇಲೆ ಅದರ ಅಲರ್ಜಿಯಿಂದ ಬಿಪಿ ಕುಸಿದಿದೆ ಅಂತ ಇಟ್ಟುಕೊಳ್ಳಿ. ಡಾಕ್ಟರು "ಸುಮಾ ಸಿಸ್ಟರ್, ಅಡ್ರಿನಲಿನ್ 0.5 ಎಂಜಿ, ತೊಡೆಯ ಸ್ನಾಯುವಿಗೆ" ಅಂದರೆ ಅವರು ಅದನ್ನೇ ತಿರುಗಿ ಹೇಳಬೇಕು. ಕೊಟ್ಟ ಹಾಗೆ ಮಾಡಿ "ಕೊಟ್ಟೆ" ಅನ್ನಬೇಕು. ಮೊದಮೊದಲು ನಾಟಕ ಅನಿಸುತ್ತದೆ, ಬಿಡಬೇಡಿ.

ಮುಗಿದ ಕೂಡಲೇ ಕೂತು ಮಾತಾಡಿ. ನನ್ನ ಪ್ರಕಾರ ಡ್ರಿಲ್‌ಗಿಂತ ಇದರಿಂದಲೇ ಜಾಸ್ತಿ ಉಪಯೋಗ. ಕಿರಿಯರು ಮೊದಲು, ಡಾಕ್ಟರು ಕೊನೆಗೆ. "ಯಾರ ತಪ್ಪು" ಅನ್ನಬೇಡಿ, "ಎಲ್ಲಿ ತಡವಾಯ್ತು" ಅಂತ ಕೇಳಿ.

ರಾತ್ರಿ ಪಾಳಿಯಲ್ಲಿ ಇಬ್ಬರೇ ಇದ್ದರೆ ಹಂಚಿಕೆ ಬೇರೆ ಬೇಕಾಗಬಹುದು. ಆ ಇಬ್ಬರನ್ನೇ ಇಟ್ಟು ಮಾಡಿ ನೋಡಿ. 108ರವರನ್ನೂ ಸೇರಿಸಿ, ಶಿವಮೊಗ್ಗದ ದೊಡ್ಡ ಆಸ್ಪತ್ರೆಗೆ ಕಳಿಸುವಾಗ ದಾರಿಯಲ್ಲಿ ರೋಗಿಯನ್ನು ನೋಡಿಕೊಳ್ಳುವವರು ಅವರೇ ಅಲ್ವಾ.